ಬ್ಯಾಕಪ್ ಇದೆ, ಮೊಳಕೆ ಬರುತ್ತಾ?

ಡೇಟಾಬೇಸ್ ಸರ್ವರ್ ನೋಡಿಕೊಳ್ಳೋರಿಗೆ ಬರೆದ ಟಿಪ್ಸ್‌ಗಳನ್ನು ಹತ್ತು ವರ್ಷದಿಂದ ಓದ್ತಾ ಬಂದಿದ್ದೀನಿ. ಎಲ್ಲದರಲ್ಲೂ ಇರೋ ಒಂದು ಮಾತು: ದಿನಾ ಬ್ಯಾಕಪ್ ತಗೊಳ್ಳಿ. ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದರ್ಧವನ್ನು ನನಗೆ ಸರಿಯಾಗಿ ಹೇಳಿಕೊಟ್ಟದ್ದು ಟಿಪ್ಸ್ ಪಟ್ಟಿಯಲ್ಲ. ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿ 2017ರಲ್ಲಿ ತನ್ನದೇ ಎಡವಟ್ಟಿನ ಬಗ್ಗೆ ಪ್ರಕಟಿಸಿದ ವರದಿ.

ನಡೆದದ್ದು ಇಷ್ಟು. ಜನವರಿ 31ರ ರಾತ್ರಿ ಅವರ ಎರಡನೇ ಪೋಸ್ಟ್‌ಗ್ರೆಸ್ ಸರ್ವರ್‌ಗೆ ಮುಖ್ಯ ಸರ್ವರ್‌ನಿಂದ ಡೇಟಾ ಬರೋದು ನಿಂತುಹೋಯಿತು. ಸರಿಮಾಡಲು ಕೂತ ಎಂಜಿನಿಯರ್, ಎರಡನೆಯದರ ಡೇಟಾ ಫೋಲ್ಡರ್ ಅಳಿಸಿ ಮತ್ತೆ ಶುರು ಮಾಡೋಣ ಅಂದುಕೊಂಡರು. ಆದರೆ ಕಮಾಂಡ್ ಕೊಟ್ಟದ್ದು ಮುಖ್ಯ ಸರ್ವರ್‌ನಲ್ಲಿ! ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರೂ, ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಬ್ಯಾಕಪ್ ಇದೆಯಲ್ಲ ಅಂತೀರಾ? ನೋಡಿದರೆ ಬ್ಯಾಕಪ್ ಇಡುವ ಜಾಗವೇ ಖಾಲಿ. ಡೇಟಾಬೇಸ್ ಆವೃತ್ತಿ 9.6, ಬ್ಯಾಕಪ್ ತೆಗೆಯುವ ಪ್ರೋಗ್ರಾಂ 9.2ರದ್ದು. ಪ್ರತಿ ಸಲ ಎರರ್ ಬಂದು ನಿಲ್ತಿತ್ತು. ಆ ಎರರ್ ತಿಳಿಸುವ ಇಮೇಲ್‌ಗಳೂ ತಿರಸ್ಕೃತವಾಗಿ ಯಾರಿಗೂ ಮುಟ್ಟಿರಲಿಲ್ಲ. ಕೊನೆಗೆ ಕೈಹಿಡಿದದ್ದು ಸುಮಾರು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ಅಂತ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಅದಾದ ಮೇಲಿನ ಡೇಟಾ ಹೋಯಿತು.

ಈ ವರದಿ ನನಗೆ ಹಿಡಿಸಿದ್ದು ಯಾಕೆಂದರೆ, ಇದು ಎಂಜಿನಿಯರ್ ಹೆಸರು ಹಾಕಿ ಕೈತೊಳೆದುಕೊಳ್ಳೋದಿಲ್ಲ. 'ಯಾಕೆ' ಅಂತ ಕೇಳ್ತಾ ಕೇಳ್ತಾ ಕೆಳಗಿಳಿಯುತ್ತೆ. ಬ್ಯಾಕಪ್ಪನ್ನು ಯಾಕೆ ಪರೀಕ್ಷೆ ಮಾಡಿರಲಿಲ್ಲ? ಅದು ಯಾರ ಜವಾಬ್ದಾರಿಯೂ ಆಗಿರಲಿಲ್ಲ. ನಮ್ಮ ಟಿಪ್ಸ್ ಪಟ್ಟಿಗಳಲ್ಲಿ ಇಲ್ಲದ್ದು ಇದೇ. 'ತಗೊಳ್ಳಿ' ಅಂತ ಹೇಳ್ತವೆ, ಯಾರು ಅಂತ ಹೇಳಲ್ಲ.

ನನ್ನ ತಕರಾರೂ ಒಂದಿದೆ. ಇಷ್ಟು ಆಳಕ್ಕೆ ಇಳಿದ ವರದಿ ಕೊನೆಗೆ ತಾನೂ ಒಂದು ಪಟ್ಟಿಯಾಗಿಬಿಡುತ್ತೆ. ಸರ್ವರ್‌ಗಳ ಪ್ರಾಂಪ್ಟ್ ಬೇರೆ ಬೇರೆಯಾಗಿ ಕಾಣುವಂತೆ ಮಾಡೋದು, ಡೇಟಾಗೆ ಒಬ್ಬ ಹೊಣೆಗಾರನನ್ನು ನೇಮಿಸೋದು ಎರಡೂ ಅದೇ ಪಟ್ಟಿಯ ಐಟಂಗಳು. ಎರಡಕ್ಕೂ ಒಂದೇ ತೂಕವಾ?

ಇದನ್ನು ದೂರ ಕೂತು ಹೇಳ್ತಿಲ್ಲ. ನನ್ನ ಮೊದಲ ಕೆಲಸದಲ್ಲಿ ಬ್ಯಾಕಪ್ ಸ್ಕ್ರಿಪ್ಟ್ ಬರೆದವನು ನಾನೇ. ತಿಂಗಳುಗಟ್ಟಲೆ ಬೆಳಿಗ್ಗೆ ಹಸಿರು ಟಿಕ್ ನೋಡಿ ಕಾಫಿಗೆ ಹೋಗ್ತಿದ್ದೆ. ಒಂದು ದಿನ ಅಳಿಸಿಹೋದ ಟೇಬಲ್ ವಾಪಸ್ ಬೇಕಾಯಿತು. ಫೈಲ್ ತೆಗೆದರೆ ಅರ್ಧಕ್ಕೇ ಮುಗಿದಿತ್ತು. ಡಿಸ್ಕ್ ತುಂಬಿದ್ದನ್ನು ನನ್ನ ಸ್ಕ್ರಿಪ್ಟ್ ಗಮನಿಸಿಯೇ ಇರಲಿಲ್ಲ. ಗ್ರಾಹಕರ ಕಡೆಯವರು ಎರಡು ವಾರ ಕೂತು ಕಾಗದ ನೋಡಿಕೊಂಡು ಮತ್ತೆ ಎಂಟ್ರಿ ಮಾಡಿದರು.

ಆಗ ನೆನಪಾದದ್ದು ಊರಲ್ಲಿ ನಮ್ಮಜ್ಜ. ಮನೆಯದೇ ಬಿತ್ತನೆ ಬೀಜ, ಕಣ್ಣಿಗೆ ಚೆನ್ನಾಗೇ ಕಾಣ್ತಿತ್ತು. ಆದರೂ ಒಂದು ಹಿಡಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಎಷ್ಟು ಬಂತು ಅಂತ ನೋಡದೆ ಹೊಲಕ್ಕೆ ಒಯ್ಯುತ್ತಿರಲಿಲ್ಲ.

ನೀವೂ ಈ ವಾರ ಒಂದು ಬ್ಯಾಕಪ್ ತಗೊಂಡು ಬೇರೆ ಮೆಷಿನ್‌ನಲ್ಲಿ ರಿಸ್ಟೋರ್ ಮಾಡಿ. ದೊಡ್ಡ ಟೇಬಲ್‌ಗಳ ಸಾಲು ಎಣಿಸಿ. ಎಷ್ಟು ಹೊತ್ತು ಹಿಡೀತು ಬರೆದಿಡಿ. ಪಕ್ಕದಲ್ಲಿ, ಮುಂದಿನ ತಿಂಗಳು ಇದನ್ನು ಮಾಡೋರ ಹೆಸರು ಬರೆಯಿರಿ. 'ಟೀಂ' ಅಂತಲ್ಲ, ಒಬ್ಬರ ಹೆಸರು.