ಸರಳೆ ವರಸೆ ಮತ್ತು ಅವ್ವನ ಹಾಡು

ಈ ಸಂಚಿಕೆಗೆ ‘ಕುಸುಮಬಾಲೆ’ಯ ಬಗ್ಗೆ ಬರೆಯುತ್ತೇನೆಂದು ಸಂಪಾದಕರಿಗೆ ಒಪ್ಪಿಕೊಂಡಿದ್ದೆ. ಅರ್ಧ ಬರೆದೂ ಆಗಿತ್ತು. ಅದನ್ನು ಪಕ್ಕಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ. ಕಾರಣ ಸಾಹಿತ್ಯದ್ದಲ್ಲ, ಮನೆಯದು. ಮೂರು ವರ್ಷಗಳಿಂದ ಕಡೂರಿನಲ್ಲಿ ಒಬ್ಬ ಟೀಚರ್ ಹತ್ತಿರ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿಯುತ್ತಿದ್ದೇನೆ. ಬರುವ ಪುಷ್ಯ ಅಮಾವಾಸ್ಯೆಗೆ, ಅಂದರೆ ಪುರಂದರದಾಸರ ಆರಾಧನೆಯ ದಿನ, ಅವರ ಶಿಷ್ಯರೆಲ್ಲ ವೇದಿಕೆ ಹತ್ತಬೇಕು. ಎಂಟು ಹತ್ತು ವರ್ಷದ ಮಕ್ಕಳ ನಡುವೆ ಇಪ್ಪತ್ತೆಂಟರ ನನಗೂ 12 ನಿಮಿಷ ಸಿಕ್ಕಿದೆ. ನಾನು ಈ ತಯಾರಿಯಲ್ಲಿರುವ ಹೊತ್ತಿಗೆ ಅವ್ವ ಮನೆಯಲ್ಲಿ ಹಾಡುವುದನ್ನು ನಿಲ್ಲಿಸಿದ್ದಾಳೆ.

ಯಾಕವ್ವ ಎಂದರೆ, “ನಿನ್ ಮುಂದೆ ನಾನೇನ್ ಹಾಡ್ಲಿ, ನೀನೀಗ ಸುತಿ ಕಲ್ತಿದೀಯ” ಅಂದಳು. ಕೋಪದಿಂದ ಹೇಳಿದ್ದಲ್ಲ, ಹೆಮ್ಮೆಯಿಂದ ಹೇಳಿದ್ದು. ನನಗೆ ಚುಚ್ಚಿದ್ದು ಅದೇ.

ದಲಿತ ವಿಮರ್ಶೆ ಎಂದ ಕೂಡಲೇ ನಾವು ಅಕ್ಷರದ ಬಗ್ಗೆ ಮಾತಾಡುತ್ತೇವೆ. ಅಕ್ಷರ ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು, ಸಿಕ್ಕಿದ ಮೇಲೆ ಅದರಲ್ಲಿ ಏನು ಬರೆದರು. ಇದು ನ್ಯಾಯವಾದ ಹಾದಿಯೇ. ಆದರೆ ನಮ್ಮ ವಿಮರ್ಶೆಗೆ ಕಣ್ಣಿದ್ದಷ್ಟು ಕಿವಿ ಇಲ್ಲ. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ಸಂಕಲನದ ಹೆಸರಲ್ಲೇ ‘ಹಾಡು’ ಇದೆ, ‘ಹೊಲೆಮಾದಿಗರ ಹಾಡು’. ಆ ಸಂಕಲನದ ಮೇಲೆ ನಾನು ಎಂ.ಎ.ಯಲ್ಲಿ ಓದಿದ ಲೇಖನಗಳೆಲ್ಲ ಸಿಟ್ಟಿನ ಬಗ್ಗೆ, ಪ್ರತಿಮೆಯ ಬಗ್ಗೆ, ಭಾಷೆಯ ಬಗ್ಗೆ ಇದ್ದವು. ಮೆರವಣಿಗೆಯಲ್ಲಿ ಅದನ್ನು ಯಾವ ಧಾಟಿಯಲ್ಲಿ ಹಾಡಿದರು, ಆ ಧಾಟಿ ಯಾವ ಕೇರಿಯಿಂದ ಬಂತು, ತಮಟೆ ಎಲ್ಲಿ ಸೇರಿಕೊಳ್ಳುತ್ತಿತ್ತು, ಇವು ಯಾರಿಗೂ ಪ್ರಶ್ನೆಯಾಗಿರಲಿಲ್ಲ. ಸಾವಿರಾರು ಜನ ಕಿವಿಯಿಂದ ಪಡೆದದ್ದನ್ನು ನಾವು ಪುಟದಲ್ಲಿ ಹುಡುಕಿದೆವು.

ನಾನು ಪಾಠಕ್ಕೆ ಸೇರಿದ ಸುದ್ದಿ ಗೊತ್ತಾದಾಗ ಸಂಘಟನೆಯ ಗೆಳೆಯರೊಬ್ಬರು “ಏನ್ ಮೇಡಂ, ಅಗ್ರಹಾರಕ್ಕೆ ಹೋಗಿ ಸರಿಗಮ ಹೇಳಿಸ್ಕೊಳ್ತಿದೀರಂತೆ?” ಎಂದು ನಕ್ಕರು. ನಾನೂ ನಕ್ಕೆ. ಆದರೆ ಆ ನಗೆಯಲ್ಲಿ ಒಂದು ವಾದ ಇದೆ, ಅದನ್ನು ಎದುರಿಸಲೇಬೇಕು. ಹಳಗನ್ನಡದ ವೈದಿಕ ಕಾವ್ಯಗಳನ್ನು ನೆಟ್ ಪರೀಕ್ಷೆಗಾಗಿ ಬಾಯಿಪಾಠ ಮಾಡಿದಾಗ ಯಾರೂ ನನ್ನನ್ನು ಕೇಳಲಿಲ್ಲ. ಸರಳೆ ವರಸೆಗೆ ಮಾತ್ರ ಯಾಕೆ ಗುಮಾನಿ? ಬಾಬಾಸಾಹೇಬರಿಗೆ ಶಾಲೆಯಲ್ಲಿ ಸಂಸ್ಕೃತ ಕಲಿಯಲು ಬಿಡಲಿಲ್ಲ, ಪಾರ್ಸಿ ತೆಗೆದುಕೊಳ್ಳಬೇಕಾಯಿತು. ಮುಂದೆ ತಾವಾಗಿ ಸಂಸ್ಕೃತ ಕಲಿತರು, ಕಲಿತು ಶಾಸ್ತ್ರಗಳನ್ನೇ ಕಟಕಟೆಗೆ ತಂದರು. ಇದನ್ನು ನಾವು ಪ್ರತಿ ಏಪ್ರಿಲ್ 14ಕ್ಕೆ ಹೇಳುತ್ತೇವೆ. ಅದೇ ಬಾಬಾಸಾಹೇಬರು ಇಳಿವಯಸ್ಸಿನಲ್ಲಿ ಮೇಷ್ಟರನ್ನಿಟ್ಟುಕೊಂಡು ಪಿಟೀಲು ಕಲಿತರು ಎನ್ನುವುದನ್ನು ಹೇಳುವುದಿಲ್ಲ. ಪಿಟೀಲಿನಿಂದ ಅವರು ಯಾವ ಶಾಸ್ತ್ರವನ್ನೂ ಖಂಡಿಸಲಿಲ್ಲ, ಹಾಗಾಗಿ ಅದು ನಮ್ಮ ಭಾಷಣಕ್ಕೆ ಒದಗುವುದಿಲ್ಲ.

ಇಷ್ಟು ಹೇಳಿ ಗೆಳೆಯರನ್ನು ಗೆದ್ದೆ ಎಂದುಕೊಂಡರೆ ಅದು ಸುಳ್ಳು. ಅವರ ಗುಮಾನಿಯಲ್ಲಿ ಅರ್ಧ ನಿಜ ಇದೆ.

ಮೊದಲ ತಿಂಗಳ ಪಾಠ ನೆನೆಯುತ್ತೇನೆ. ಮಾಯಾಮಾಳವಗೌಳ ರಾಗ, ಒಂದೊಂದು ಸ್ವರವನ್ನೂ ಎಳೆದು ನಿಲ್ಲಿಸಬೇಕು. ಟೀಚರ್ ಒಳ್ಳೆಯವರು. ಕಾಫಿಯನ್ನು ತಮ್ಮ ಮನೆಯ ಲೋಟದಲ್ಲೇ ಕೊಟ್ಟರು, ನಾನು ಅದನ್ನು ಗಮನಿಸಿದೆ ಎನ್ನುವುದನ್ನು ಅವರು ಗಮನಿಸಿದರೋ ಇಲ್ಲವೋ. ಮೂರನೆಯ ವಾರ ಹೇಳಿದರು: “ನಿಮ್ಮದು ತುಂಬಾ ತೆರೆದ ಧ್ವನಿ ಕಣ್ರೀ. ಹೊಲದಲ್ಲಿ ಕೂಗಿ ಕರೆದ ಹಾಗೆ. ಸ್ವಲ್ಪ ಒಳಗೆ ಹಿಡೀರಿ, ಸಂಸ್ಕಾರ ಬರುತ್ತೆ.” ಅವರು ಬಯ್ಯಲಿಲ್ಲ, ಪಾಠ ಹೇಳಿದರು. ನನ್ನ ಅಜ್ಜಿ, ಅವ್ವ, ಅತ್ತೆಯರು ಹೊಲದಲ್ಲಿ ಕೂಗಿ ಕರೆದವರೇ. ಬಯಲು ಹೊಲದಲ್ಲಿ ರಾಗಿ ಕಳೆ ಕೀಳುವಾಗ ಆ ಬದುವಿನವಳು ಎತ್ತಿದ ಸೊಲ್ಲನ್ನು ಈ ಬದುವಿನವಳು ಹಿಡಿಯಬೇಕು. ಗಾಳಿಗೆ ಎದುರಾಗಿ ಹೋಗಬೇಕಾದ ಧ್ವನಿ ಅದು. ತೆರೆಯದೆ ಅದು ತಲುಪುವುದಿಲ್ಲ. ಒಳಗೆ ಹಿಡಿದ ಧ್ವನಿ ಹಜಾರದಲ್ಲಿ ಹುಟ್ಟಿದ್ದು, ಅಲ್ಲಿ ಕೇಳುವವರು ಹತ್ತಿರ ಕೂತಿರುತ್ತಾರೆ. ಎರಡೂ ತಂತಮ್ಮ ಜಾಗಕ್ಕೆ ಸರಿಯಾದವು. ಒಂದಕ್ಕೆ ‘ಶಾರೀರ’ ಎಂಬ ಹೆಸರು ಬಂತು, ಇನ್ನೊಂದಕ್ಕೆ ‘ಕೂಗು’ ಎಂಬ ಹೆಸರು ಬಂತು. ವಿಮರ್ಶಕರಾದ ನಾವು ಕೆಲಸ ಶುರು ಮಾಡಬೇಕಾದ್ದು ಇಲ್ಲಿಂದ.

ಧ್ವನಿಯ ಚೆಲುವು ಹುಟ್ಟಿನಿಂದ ಬರುವ ಗುಣವೆಂದು ಹೇಳುವವರು ಗಂಗೂಬಾಯಿ ಹಾನಗಲ್ಲರನ್ನು ನೆನೆಯಬೇಕು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಂಡಸಿನ ದನಿಯಂತಾಯಿತು. ಹೆಣ್ಣಿನ ದನಿ ಹೀಗಿರಬೇಕು ಎಂಬ ಎಲ್ಲ ಲೆಕ್ಕವನ್ನೂ ಅದು ಮೀರಿತ್ತು. ರಸಿಕರು ತಳ್ಳಿಹಾಕಲಿಲ್ಲ, ಗಂಭೀರ ಎಂದರು. 2002ರಲ್ಲಿ ಪದ್ಮವಿಭೂಷಣವೂ ಬಂತು. ಪರಂಪರೆಗೆ ಮನಸ್ಸಾದಾಗ ಕಿವಿ ಅಗಲವಾಗುತ್ತದೆ ಎಂದಾಯಿತು. ಹಾಗಾದರೆ ಯಾರಿಗಾಗಿ ಆಗುತ್ತದೆ, ಯಾರಿಗಾಗಿ ಆಗುವುದಿಲ್ಲ?

ಗಂಗೂಬಾಯಿ ದಲಿತರಲ್ಲ. ಅವರನ್ನು ನಮ್ಮವರೆಂದು ಎಳೆದುಕೊಳ್ಳುವ ಆಸೆ ನನಗಿಲ್ಲ. ಆದರೆ ಹಾಡುವ ಹೆಂಗಸರ ಮನೆತನದಲ್ಲಿ ಹುಟ್ಟಿದ ಕಾರಣಕ್ಕೆ ಅವರು ಉಂಡ ಅವಮಾನ ನಮಗೆ ಅಪರಿಚಿತವಲ್ಲ. ‘ನನ್ನ ಬದುಕಿನ ಹಾಡು’ ಎಂಬ ಅವರ ಆತ್ಮಕಥನವನ್ನು ಈ ಕಣ್ಣಿನಿಂದ ಓದಬೇಕು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಲು ಹೋದ ಹುಡುಗಿಯರಲ್ಲಿ ಅವರಿದ್ದರು. ಹಾಡು ಹೇಗೆ ಬರುತ್ತದೋ ಎನ್ನುವುದಕ್ಕಿಂತ, ಊಟವಾದ ಮೇಲೆ ಎಂಜಲು ತೆಗೆಯಲು ತನಗೆ ಹೇಳಿಯಾರೋ ಏನೋ ಎಂಬ ಅಳುಕು ಆ ಮಗುವಿಗಿತ್ತು. ಪಕ್ಕದ ಮೇಲ್ಜಾತಿಯವರ ತೋಟಕ್ಕೆ ಮಾವಿನಹಣ್ಣಿಗೆ ಹೋಗಿ ಬೈಸಿಕೊಂಡದ್ದನ್ನೂ ನೆನೆಯುತ್ತಾರೆ. ಹಣ್ಣು ಕದ್ದದ್ದಕ್ಕಿಂತ ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟದ್ದು ಅವರಿಗೆ ದೊಡ್ಡದಾಗಿತ್ತು. ನಮ್ಮ ಸಂಗೀತ ವಿಮರ್ಶೆ ಇದನ್ನೆಲ್ಲ ‘ಕಷ್ಟದ ಬಾಲ್ಯ’ ಎಂಬ ಒಂದು ಸಾಲಿಗೆ ಇಳಿಸಿ, ಬೇಗ ಬೇಗ ಕುಂದಗೋಳದ ರೈಲು ಹತ್ತಿಸಿ, ಸವಾಯಿ ಗಂಧರ್ವರ ಮುಂದೆ ಕೂರಿಸಿಬಿಡುತ್ತದೆ.

ಆ ಕಥನದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಗಂಗೂಬಾಯಿಯಲ್ಲ, ಅವರ ತಾಯಿ ಅಂಬಾಬಾಯಿ. ಅವರು ಕರ್ನಾಟಕ ಸಂಗೀತದ ಒಳ್ಳೆಯ ಹಾಡುಗಾರ್ತಿ. ಮಗಳು ಹಿಂದೂಸ್ತಾನಿ ಕಲಿಯುತ್ತಿದ್ದಾಳೆ, ತನ್ನ ಪದ್ಧತಿಯ ನೆರಳು ಅವಳ ಮೇಲೆ ಬೀಳಬಾರದೆಂದು ತಾವು ಹಾಡುವುದನ್ನೇ ಬಿಟ್ಟರು. ಇದನ್ನು ತಾಯಿಯ ತ್ಯಾಗ ಎಂದು ಎಲ್ಲರೂ ಕೊಂಡಾಡಿದ್ದಾರೆ. ನಾನೂ ಮೊದಲ ಓದಿನಲ್ಲಿ ಕಣ್ಣೀರಿಟ್ಟೆ. ಈಗ ನಮ್ಮ ಮನೆಯಲ್ಲಿ ಅದೇ ನಡೆಯುವಾಗ ತ್ಯಾಗ ಎಂಬ ಪದ ಬಾಯಿಗೆ ಬರುತ್ತಿಲ್ಲ. ಮಗಳ ಧ್ವನಿಮುದ್ರಿಕೆಗಳನ್ನು ರಾತ್ರಿಯೆಲ್ಲ ಕೇಳಿದ್ದೇನೆ, ತಾಯಿಯ ದನಿ ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ. ಒಂದು ಕಲಿಕೆಗೆ ಒಂದು ಗಂಟಲು ಬೆಲೆಯಾಗಿ ಹೋಯಿತಲ್ಲ, ಇದರ ಲೆಕ್ಕ ಯಾರು ಬರೆಯಬೇಕು?

ಡಿ.ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ನಮ್ಮ ಚಳವಳಿಗೆ ಒಂದು ಕಷ್ಟದ ಪ್ರಶ್ನೆ ಹಾಕಿದ್ದರು. ಅವಮಾನದ ಜೊತೆ ಅಂಟಿಕೊಂಡಿದೆ ಎಂದು ಹಳೆಯದನ್ನೆಲ್ಲ ಬಿಸಾಡಿದರೆ ನಮ್ಮ ನೆನಪಿನ ಗತಿ ಏನು ಎನ್ನುವ ಅರ್ಥದ್ದು. ನನ್ನ ಅಜ್ಜನ ಹತ್ತಿರ ಇದಕ್ಕೆ ಬೇರೆ ಉತ್ತರ ಇತ್ತು. ಊರಿನ ಸಾವಿಗೆ ಬಿಟ್ಟಿ ತಮಟೆ ಬಡಿಯುವುದಿಲ್ಲ ಎಂದು ಕೇರಿಯವರು ತೀರ್ಮಾನ ಮಾಡಿದಾಗ ಅಜ್ಜ ತಮಟೆಯನ್ನು ಅಟ್ಟಕ್ಕೆ ಹಾಕಿದ. ಮತ್ತೆ ಇಳಿಸಲಿಲ್ಲ. ಅವನು ಮಾಡಿದ್ದು ಸರಿ. ಮಾನಕ್ಕಿಂತ ನಾದ ದೊಡ್ಡದಲ್ಲ. ಆದರೆ ಹುಲ್ಲಿನ ಬೆಂಕಿಗೆ ಚರ್ಮವನ್ನು ಎಷ್ಟು ಕಾಯಿಸಿದರೆ ಎಷ್ಟು ಏರುತ್ತದೆ ಎಂದು ಬೆರಳಿನಿಂದ ತಟ್ಟಿ ನೋಡಿ ಹೇಳುತ್ತಿದ್ದ ಅವನ ಕಿವಿ ಅವನ ಜೊತೆಗೇ ಮಣ್ಣಾಯಿತು. ನನಗೆ ಶ್ರುತಿ ಎಂದರೆ ಏನೆಂದು ಮೊದಲು ತೋರಿಸಿದವನು ಅವನು ಎಂಬುದು ಹೊಳೆದದ್ದು ಟೀಚರ್ ಮನೆಯಲ್ಲಿ, ಮೃದಂಗದವರು ಎಡಗಡೆಗೆ ರವೆ ಹಚ್ಚಿ, ಬಲಗಡೆಯ ಅಂಚಿಗೆ ಕಲ್ಲಿನಿಂದ ತಟ್ಟುತ್ತಿದ್ದಾಗ.

ಆ ಮೃದಂಗದಲ್ಲಿ ಹಸುವಿನ ಚರ್ಮ, ಆಡಿನ ಚರ್ಮ, ಎಮ್ಮೆ ಚರ್ಮದ ಬಾರು ಮೂರೂ ಇರುತ್ತವೆ. ಅದನ್ನು ಹದ ಮಾಡಿ ಕಟ್ಟುವ ಕುಟುಂಬಗಳ ಬಗ್ಗೆ, ಅವರಲ್ಲಿ ಹೆಚ್ಚಿನವರು ದಲಿತ ಕ್ರೈಸ್ತರು ಎನ್ನುವ ಬಗ್ಗೆ, ಟಿ.ಎಂ. ಕೃಷ್ಣ 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕ ಬರೆದರು. ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ಕೊನೆ ಗಳಿಗೆಯಲ್ಲಿ ವಾಪಸು ಪಡೆಯಿತು. ದೊಡ್ಡ ಪುಸ್ತಕ, ಪ್ರಾಮಾಣಿಕ ಪುಸ್ತಕ. ಆದರೂ ಅದು ಸಭೆಯೊಳಗೆ ಕೂತವರು ಬಾಗಿಲು ತೆಗೆದು ಹೊರಗೆ ನೋಡಿದ ಬರಹ. ಹೊರಗಿನಿಂದ ಒಳಹೊಕ್ಕವಳಿಗೆ ಕಾಣುವುದು ಬೇರೆ. ನನಗೆ ಬಾಗಿಲು ತೆರೆದೇ ಇತ್ತು. ಒಳಗೆ ಹೋದ ಮೇಲೆ ನನ್ನ ಗಂಟಲು ನನ್ನದಾಗಿ ಉಳಿಯುತ್ತದೆಯೇ ಎನ್ನುವುದು ನನ್ನ ತಕರಾರು.

ಪಂಚಮದ ಬಗ್ಗೆ ಒಂದು ಮಾತು. ಏಳು ಸ್ವರಗಳಲ್ಲಿ ಷಡ್ಜ, ಪಂಚಮ ಎರಡೇ ಅಚಲ, ಉಳಿದವು ಏರಿಳಿಯುತ್ತವೆ. ಸಮಾಜದಲ್ಲಿ ಪಂಚಮ ಎಂದರೆ ಯಾರು ಎಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ, ಸಿದ್ಧಲಿಂಗಯ್ಯನವರ ನಾಟಕವೊಂದಕ್ಕೆ ಅದೇ ಹೆಸರು. ಶ್ರೀರಂಜನಿಯಂಥ ರಾಗಗಳಲ್ಲಿ ಪಂಚಮ ‘ವರ್ಜ್ಯ’. ಆದರೂ ತಂಬೂರಿಯ ಮೊದಲ ತಂತಿಯನ್ನು ಬದಲಾಯಿಸದಿದ್ದರೆ ಆ ರಾಗದ ಹಿಂದೆಯೂ ಪಂಚಮ ಮೊಳಗುತ್ತಲೇ ಇರುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ಚಪ್ಪಾಳೆ ತಟ್ಟಿದರು. ಅಂಥ ಚಪ್ಪಾಳೆಯ ಬಗ್ಗೆ ನನಗೆ ಈಗ ಹೆದರಿಕೆ. ಶ್ಲೇಷೆಯಿಂದ ವಿಮರ್ಶೆ ಆಗುವುದಿಲ್ಲ. ಸ್ವರಕ್ಕೆ ಗೌರವ ಸಿಕ್ಕರೆ ಮನುಷ್ಯರಿಗೆ ಸಿಕ್ಕಂತಲ್ಲ.

ಈಗ ಆ 12 ನಿಮಿಷದ ವಿಷಯ. ಮೋಹನ ರಾಗದ ವರ್ಣ, ಒಂದು ದೇವರನಾಮ, ಕೊನೆಯದು ನಿಮ್ಮಿಷ್ಟ ಎಂದರು ಟೀಚರ್. ಅವ್ವ ಹಾಡುತ್ತಿದ್ದ ಮದಗದ ಕೆರೆಯ ಹಾಡು ಹೇಳುತ್ತೇನೆ ಎಂದೆ. ಅದು ಎಮ್ಮೆದೊಡ್ಡಿಯ ಹತ್ತಿರದ ನಮ್ಮ ಕೆರೆಯದೆಂದು ಕಡೂರಿನವರು, ಮಾಸೂರಿನ ಮದಗದ್ದೆಂದು ಆ ಕಡೆಯವರು ಈಗಲೂ ಜಗಳವಾಡುತ್ತಾರೆ. ಟೀಚರ್‌ಗೆ ಖುಷಿಯಾಯಿತು. “ತುಕ್ಕಡಾ ಜಾಗಕ್ಕೆ ಚೆನ್ನಾಗಿರುತ್ತೆ” ಎಂದರು. ಕಚೇರಿಯಲ್ಲಿ ಭಾರವಾದದ್ದೆಲ್ಲ ಮುಗಿದ ಮೇಲೆ, ಜನ ಚಪ್ಪಲಿ ಹುಡುಕುವ ಹೊತ್ತಿಗೆ ಬರುವ ಹಗುರ ಹಾಡುಗಳ ಜಾಗ ಅದು. ಅವ್ವನ ಧಾಟಿಯಲ್ಲಿ ಹಾಡಿ ತೋರಿಸಿದೆ. ಒಂದು ಕಡೆ ಅವಳ ಗಾಂಧಾರ ಹಾರ್ಮೋನಿಯಂನ ಎರಡು ಮನೆಗಳ ನಡುವೆ ನಿಲ್ಲುತ್ತದೆ. “ಅಲ್ಲಿ ಸ್ವಲ್ಪ ಜಾರುತ್ತೆ, ತಿದ್ದಿಕೊಳ್ಳಿ” ಎಂದರು. ಜಾರಿಲ್ಲ ಟೀಚರ್, ಪ್ರತಿ ಸಲವೂ ಅಲ್ಲೇ ನಿಲ್ಲುತ್ತೆ, ನಮ್ಮ ಅಜ್ಜಿಯದೂ ಅಲ್ಲೇ ನಿಲ್ಲುತ್ತಿತ್ತು ಎಂದೆ. ಅವರು ಹಾರ್ಮೋನಿಯಂ ಮುಚ್ಚಿ, ಬರೀ ತಂಬೂರಿ ಇಟ್ಟು, ಇನ್ನೊಮ್ಮೆ ಹೇಳಿಸಿದರು. ಮತ್ತೊಮ್ಮೆ ಹೇಳಿಸಿದರು. ಏನೂ ಹೇಳಲಿಲ್ಲ.

ಅದನ್ನು ಕೊನೆಗೆ ಬೇಡ, ವರ್ಣಕ್ಕೆ ಮೊದಲೇ ಹಾಡುತ್ತೇನೆ, ತಿದ್ದದೆ ಹಾಡುತ್ತೇನೆ ಎಂದು ಕೇಳಿದ್ದೇನೆ. ಯೋಚನೆ ಮಾಡಿ ಹೇಳ್ತೀನಿ ಎಂದಿದ್ದಾರೆ. ಮನೆಯಲ್ಲಿ ಅವ್ವನಿಗೆ, ಧಾಟಿ ಮರೆತಿದೆ, ಒಂದು ಸಲ ಹೇಳಿಕೊಡು ಎಂದು ಸುಳ್ಳು ಹೇಳಿದೆ. ಒಲೆ ಮುಂದೆ ಕೂತು ಹೇಳಿಕೊಟ್ಟಳು, ಅದೇ ತೆರೆದ ಗಂಟಲಿನಲ್ಲಿ. ಮುಗಿಸಿ ಕೇಳಿದಳು:

“ಅಲ್ಲಿಗೆ ನಾನು ಬಂದ್ರೆ ಎಲ್ಲಿ ಕೂತ್ಕಳ್ಳಿ?”

ಮುಂದಿನ ಸಾಲಿನಲ್ಲಿ ಅಂದೆ. ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಬೀರೂರು ಕಡೆಯಿಂದ ಸಂಜೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದಳು.