ಚೆಕ್‌ಔಟ್ ಇಲ್ಲದ ಪ್ರೀತಿ: ಬಹರೈನ್‌ನಲ್ಲಿ ಕೂತು ಮತ್ತೆ ‘ಗಾಳಿಪಟ’

ಹಿಮ ಬೀಳೋ ರೆಸಾರ್ಟ್, ಒಬ್ಬಳು ಹುಡುಗಿ, ಇಬ್ಬರು ಹುಡುಗರು, ಕೊನೆಗೊಂದು ಮುತ್ತು. ಡಿಸೆಂಬರ್ ಬಂತು ಅಂದ್ರೆ ಬಹರೈನ್‌ನ ನಮ್ಮಂಥ ಮನೆಗಳಲ್ಲೂ ಮಕ್ಕಳು ಇಂಥ ಸಿನಿಮಾ ಹಾಕಿಕೊಂಡು ಕೂರ್ತಾರೆ. 2022ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಫಾಲಿಂಗ್ ಫಾರ್ ಕ್ರಿಸ್‌ಮಸ್’ ತಗೊಳ್ಳಿ: ದೊಡ್ಡ ಹೋಟೆಲ್ ಮಾಲೀಕನ ಮಗಳು ಹಿಮದಲ್ಲಿ ಬಿದ್ದು ನೆನಪು ಕಳ್ಕೋತಾಳೆ, ಮದುವೆಗೆ ಒಪ್ಪಿದ್ದವನನ್ನ ಬಿಟ್ಟು ಚಿಕ್ಕ ವಸತಿಗೃಹದವನನ್ನ ಮೆಚ್ಚುತ್ತಾಳೆ. ಕನ್ನಡದಲ್ಲಿ ಇಂಥದ್ದು ಇದೆಯಾ ಅಂತ ಯಾರಾದ್ರೂ ಕೇಳಿದ್ರೆ ನಾನು ತೋರಿಸೋದು 2008ರ ‘ಗಾಳಿಪಟ’.

ಯೋಗರಾಜ್ ಭಟ್ಟರ ಈ ಚಿತ್ರದಲ್ಲಿ ಗಣೇಶ್, ದಿಗಂತ್, ರಾಜೇಶ್ ಕೃಷ್ಣನ್ ಮೂವರು ಗೆಳೆಯರು. ಪಟ್ಟಣ ಬೇಜಾರಾಗಿ ಮುಗಿಲ್‌ಪೇಟೆಗೆ ಹೋಗ್ತಾರೆ. ಹಿಮ ಇಲ್ಲ, ಮಳೆ, ಮಂಜು, ಚಳಿ ಇದೆ. ಚಿತ್ರ ಬಂದ ಮೇಲೆ ಕೊಡಗಿನ ಮಾಂದಲಪಟ್ಟಿಗೇ ಜನ ಮುಗಿಲ್‌ಪೇಟೆ ಅನ್ನೋಕೆ ಶುರು ಮಾಡಿದ್ರು. ಮೂವರು ಹುಡುಗರು, ಮೂವರು ಹುಡುಗಿಯರು, ತಮಾಷೆ, ಹಾಡು. ಮೇಲ್ನೋಟಕ್ಕೆ ಅದೇ ರೆಸಾರ್ಟ್ ಕಥೆ.

ಆದರೆ ಇವರು ಇಳಿದುಕೊಳ್ಳೋದು ರೆಸಾರ್ಟ್‌ನಲ್ಲಲ್ಲ, ಒಂದು ಮನೆಯಲ್ಲಿ. ನನ್ನ ಪ್ರಕಾರ ಚಿತ್ರದ ಜೀವ ಇರೋದೇ ಇಲ್ಲಿ. ರೆಸಾರ್ಟ್‌ನಲ್ಲಿ ಪ್ರೀತಿ ಕೈಕೊಟ್ಟರೆ ಬಿಲ್ ಕಟ್ಟಿ ಹೊರಡಬಹುದು. ಅನ್ನ ಹಾಕಿದ ಮನೆಯಿಂದ ಹಾಗೆ ಹೊರಡೋಕಾಗಲ್ಲ. ಅನಂತ್ ನಾಗ್ ಆ ಮನೆಯ ಹಿರಿಯ. ಗಣಿ ಮನಸ್ಸು ಕೊಡೋದು ಅದೇ ಮನೆಯ ವಿಧವೆ ಸೊಸೆ ಸೌಮ್ಯಳಿಗೆ. ಉಳಿದೆರಡು ಜೋಡಿಗಳ ಪ್ರೀತಿ ಹುಡುಗಾಟ ಅಂತ ನಕ್ಕು ಬಿಡಬಹುದು. ಈ ಮೂರನೆಯದು ಮಾತ್ರ ಮನೆಯನ್ನೇ ಪ್ರಶ್ನೆ ಕೇಳುತ್ತೆ: ಮಗನನ್ನ ಕಳ್ಕೊಂಡ ಮನೆ ಸೊಸೆಯ ಹೊಸ ಬದುಕಿಗೆ ಒಪ್ಪುತ್ತಾ?

ಡೇಟಾ ಕೆಲಸದವರಿಗೆ ಎಲ್ಲವನ್ನೂ ಎಣಿಸೋ ಚಟ. ಮೂರು ಜೋಡಿಗೂ ಸಮಪಾಲು ಸಿಕ್ಕಿಲ್ಲ, ಅದು ಕ್ಷಮಿಸಬಹುದಾದ ತಪ್ಪು. ಕ್ಷಮಿಸೋಕೆ ಕಷ್ಟ ಆಗೋದು, ಅತಿ ಹೆಚ್ಚು ಕಳ್ಕೊಂಡಿರೋ ಸೌಮ್ಯಳಿಗಿಂತ ಗಣಿಗೇ ಮಾತು ಜಾಸ್ತಿ ಇರೋದು. ಅವನ ನೋವು ನಮಗೆ ಬಾಯಿಪಾಠ. ಅವಳಿಗೆ ಏನು ಬೇಕು ಅನ್ನೋದನ್ನ ಡೇಸಿ ಬೋಪಣ್ಣ ಅವರ ಮುಖದಲ್ಲಿ ನಾವೇ ಹುಡುಕಬೇಕು.

2022ರ ಆಗಸ್ಟ್‌ನಲ್ಲಿ ಬಂದ ‘ಗಾಳಿಪಟ 2’ರಲ್ಲಿ ಕಜಕಿಸ್ತಾನದ ನಿಜವಾದ ಹಿಮವೇ ಇದೆ. ಕಣ್ಣಿಗೆ ಹಬ್ಬ, ಆದ್ರೆ ಅದು ಬರೀ ಪರದೆ. ಆ ಚಳಿಯಲ್ಲಿ ಯಾರ ಮನೆಯೂ ಇಲ್ಲ. ಆ ಚಿತ್ರದಲ್ಲಿ ನನಗೆ ಹಿಡಿಸಿದ್ದು ಬೇರೆ: ದೊಡ್ಡವರಾದ ಮೇಲೆ ಕನ್ನಡ ಪರೀಕ್ಷೆ ಪಾಸು ಮಾಡೋಕೆ ಒದ್ದಾಡೋ ಮೂವರು. ವಾರಕ್ಕೊಮ್ಮೆ ಕನ್ನಡ ಅಕ್ಷರ ತಿದ್ದೋ ಇಲ್ಲಿನ ಮಕ್ಕಳಿಗೆ ಆ ಒದ್ದಾಟವನ್ನ ಯಾರೂ ವಿವರಿಸಬೇಕಾಗಿಲ್ಲ.

ಹಾಗಾಗಿ ಮಕ್ಕಳ ಜೊತೆ ಮೊದಲ ‘ಗಾಳಿಪಟ’ವನ್ನೇ ನೋಡಿ. ಕನ್ನಡ ಕಲಿಯೋಕೆ ಅಂತ ಹೇಳಿ ಕೂರಿಸಿದರೂ ಪರವಾಗಿಲ್ಲ. ಆದ್ರೆ ನಡುವೆ ಯಾರಾದ್ರೂ, “ಅಮ್ಮಾ, ನಮ್ಮ ಮನೇಲಿ ಹೀಗಾಗಿದ್ರೆ ನೀವು ಒಪ್ತಿದ್ರಾ?” ಅಂತ ಕೇಳಿದ್ರೆ, ಚಹಾ ಮಾಡೋ ನೆಪದಲ್ಲಿ ಎದ್ದು ಹೋಗಬೇಡಿ.