ಖಳನಿಗೂ ಒಂದು ಪ್ರಶ್ನೆ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು ತೋರಿಸಿದ. ಸೊಂಟದವರೆಗೆ ಬಿಳಿಗೂದಲು, ಒಂದೇ ರೆಕ್ಕೆ, ಆಳೆತ್ತರ ಮೀರಿದ ಕತ್ತಿ. 1997ರ ಜಪಾನಿ ವಿಡಿಯೋ ಗೇಮ್ ‘ಫೈನಲ್ ಫ್ಯಾಂಟಸಿ 7’ರ ಖಳ, ಸೆಫಿರೋತ್. ಕೂದಲಿನ ಎಳೆಎಳೆಯನ್ನೂ ನೀಲಿ ಬಾಲ್‌ಪೆನ್ನಿನಲ್ಲಿ ಬಿಡಿಸಿದ್ದ. ರೆಕ್ಕೆಗೆ ಕಪ್ಪು ಸ್ಕೆಚ್‌ಪೆನ್ನನ್ನು ಎಷ್ಟು ಒತ್ತಿದ್ದನೆಂದರೆ ಹಾಳೆ ಅಲ್ಲಿ ತೂತಾಗಿತ್ತು. ನಾಯಕನನ್ನು ಯಾಕೆ ಬರೆಯಲಿಲ್ಲ ಎಂದು ಕೇಳಿದೆ. “ಅವಂದೇನೈತಿ ಮಾಮಾ, ಅಂವ ಸುಮ್ನ ಒಳ್ಳೇಂವ. ಇಂವಗ ಕತಿ ಐತಿ” ಅಂದ.

ತಾನು ಮನುಷ್ಯರಂತೆ ಹುಟ್ಟಿದವನಲ್ಲ ಎಂದು ನೆಲಮಾಳಿಗೆಯ ಪುಸ್ತಕಗಳಲ್ಲಿ ಓದಿಕೊಂಡವನು ಹೊರಗೆ ಬಂದು ಊರಿಗೆ ಬೆಂಕಿ ಇಡುತ್ತಾನೆ. ಅದು ಆ ಖಳನ ಕತೆ. ಇಂಥ ಪಾತ್ರಗಳನ್ನು ಲೋಕದ ತುಂಬ ಹುಡುಗ ಹುಡುಗಿಯರು ಮತ್ತೆ ಮತ್ತೆ ಬರೆಯುತ್ತಾರೆ, ಅವರ ಮನಸ್ಸನ್ನು ಬಿಡಿಸಿ ನೋಡುತ್ತಾರೆ. ಹುಡುಗನ ಮಾತು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಉತ್ತರ ಕರ್ನಾಟಕದ ಬಯಲಾಟ, ದೊಡ್ಡಾಟ.

ದೊಡ್ಡಾಟದಲ್ಲಿ ರಾಕ್ಷಸ ಬರುವ ಹೊತ್ತು ಎಂಥದೆಂದು ನೋಡಿದವರಿಗೆ ಗೊತ್ತು. ಇಬ್ಬರು ಪರದೆ ಹಿಡಿದು ನಿಂತಿರುತ್ತಾರೆ. ಅದರ ಮೇಲಂಚಿನಲ್ಲಿ ಮೊದಲು ಕಾಣುವುದು ಕಿರೀಟದ ತುದಿ. ಗೆಜ್ಜೆ ನೆಲಕ್ಕೆ ಬಡಿಯುತ್ತದೆ, ಮದ್ದಳೆಯ ಗತ್ತು ಏರುತ್ತದೆ, ಮುಂದೆ ಕೂತ ಮಕ್ಕಳು ತಾಯಿಯ ಸೆರಗು ಹಿಡಿಯುತ್ತಾರೆ. ಪರದೆ ಸರಿದರೆ ಭುಜಕೀರ್ತಿ, ಎದೆಹಲಗೆ, ಕೆಂಪು ಬಳಿದ ಮುಖ. ಇಷ್ಟಾದ ಮೇಲೆ ಅವನು ಹಾರಿ ಯಾರನ್ನಾದರೂ ಕೊಲ್ಲುವುದಿಲ್ಲ. ಆಟ ನಡೆಸುವ ಸಾರಥಿ ಎದುರು ನಿಂತು ಕೇಳುತ್ತಾನೆ: ನೀವು ಯಾರು, ಯಾವ ಊರು, ಬಂದ ಕಾರಣವೇನು? ರಾಮ ಬಂದರೂ ಇದೇ ಪ್ರಶ್ನೆ, ರಾವಣ ಬಂದರೂ ಇದೇ. ರಾವಣ ತನ್ನ ಕುಲ, ತಪಸ್ಸು, ಗೆದ್ದ ಲೋಕಗಳನ್ನೆಲ್ಲ ತನ್ನ ಬಾಯಿಂದಲೇ ಹೇಳಿ ಮುಗಿಸುವವರೆಗೆ ಕತೆ ಕಾಯುತ್ತದೆ. ತೀರ್ಪು ಬರುವುದು ಬೆಳಗಿನ ಜಾವಕ್ಕೆ. ಅಲ್ಲಿಯವರೆಗೆ ಮಾತು ಅವನದೂ ಹೌದು. ಈ ಸೀಮೆಯ ಆಟಗಳ ದೊಡ್ಡ ಗುಣ ಇದೇ ಎಂದು ನಾನು ನಂಬಿದ್ದೇನೆ.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ಎಂಬ ವಿಡಿಯೋ ಗೇಮನ್ನೂ ಹುಡುಗನ ಜೊತೆ ಕೂತು ನೋಡಿದೆ. ಚೆಲುವಾದ ಕೆಲಸ, ನಡುನಡುವೆ ತೊಗಲುಗೊಂಬೆಯ ನೆರಳಿನಂತೆ ಕತೆ ಸಾಗುತ್ತದೆ. ಖಳ ಮಹಾಬಲಾಸುರ. ಕತೆ ಹೇಳುವವರು ದುರ್ಗೆ ಮತ್ತು ವಿಷ್ಣು. ಅಸುರನ ಎದುರು ನಿಂತು ನೀನು ಯಾರಪ್ಪಾ ಎಂದು ಕೇಳುವ ಸಾರಥಿ ಅಲ್ಲಿಲ್ಲ. ಅದು ನನಗೆ ಕೊರತೆಯಾಗಿ ಕಂಡಿತು.

ಖಳನ ಮಾತಿಗೆ ಕಾಯುವುದು ನಮ್ಮ ಕಾವ್ಯದಲ್ಲೂ ಹಳೆಯದು. ಬೆಳಗಾವಿ ಜಿಲ್ಲೆಯ ಮೂಡಲಗಿಯಿಂದ ಪೂರ್ವಕ್ಕೆ ಹೋದರೆ ಮುಧೋಳ, ರನ್ನನ ಊರು. ಹತ್ತನೆಯ ಶತಮಾನದ ಆ ಕವಿ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಗದಾಯುದ್ಧ’ ಬರೆದ. ಹೊಗಳಬೇಕಾದದ್ದು ಭೀಮನನ್ನು. ಆದರೆ ಹೆಣಗಳ ನಡುವೆ ಸಂಜಯನ ಜೊತೆ ನಡೆಯುವ ದುರ್ಯೋಧನ ಕಾವ್ಯವನ್ನೇ ತನ್ನ ಕಡೆ ಎಳೆದುಕೊಂಡ. ದ್ರೋಣ, ದುಶ್ಶಾಸನ, ಕರ್ಣ ಒಬ್ಬೊಬ್ಬರ ಎದುರೂ ನಿಂತು ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಎದುರು ಕೈಮುಗಿಯುತ್ತಾನೆ. ಬಿಎಂಶ್ರೀ ಇದನ್ನೇ ‘ಗದಾಯುದ್ಧ ನಾಟಕಂ’ ಮಾಡಿದಾಗ ದುರಂತನಾಯಕನನ್ನು ಹೊರಗಿನಿಂದ ತರಬೇಕಾಗಲಿಲ್ಲ, ರನ್ನನಲ್ಲೇ ಇದ್ದ.

ಇನ್ನು ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಹೆಸರು ತಂದ ‘ಶ್ರೀಕೃಷ್ಣ ಪಾರಿಜಾತ’ ಆಟದಲ್ಲಿ ಖಳನೇ ಇಲ್ಲ. ಒಂದು ಹೂವು, ನಾರದನ ಒಂದು ಕಿಡಿ, ಸತ್ಯಭಾಮೆಯ ಸೆಡವು, ಅಷ್ಟರಲ್ಲೇ ರಾತ್ರಿ ಬೆಳಗಾಗುತ್ತದೆ.

ಕಷ್ಟ ಶುರುವಾಗುವುದು ಖಳ ಪುರಾಣ ಬಿಟ್ಟು ಓಣಿಗೆ ಇಳಿದಾಗ. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ನೋಡಿ. ಸಂಗ್ಯಾ ಪರರ ಹೆಂಡತಿಗೆ ಮನಸೋತವನು, ಬಾಳ್ಯಾ ಗೆಳೆಯನನ್ನು ಸಾವಿಗೆ ಒಪ್ಪಿಸಿದವನು, ಅವಳ ಗಂಡ ಈರ್ಯಾ ಕೊಂದವನು. ಯಾರು ಖಳ? ಆಟ ಮುಗಿದ ಮೇಲೆ ಚಹಾದ ಅಂಗಡಿಯಲ್ಲಿ ಈ ವಾದ ಎಷ್ಟೋ ಸಲ ಕೇಳಿದ್ದೇನೆ. ಬಾಳ್ಯಾನ ಪರವಾಗಿಯೂ ಒಬ್ಬ ನಿಲ್ಲುತ್ತಾನೆ, ಅವನ ಭಯವನ್ನು ಬಿಡಿಸಿ ಹೇಳುತ್ತಾನೆ. ಇದಕ್ಕಿಂತ ಚೊಕ್ಕ ಪಾತ್ರವಿಮರ್ಶೆ ನಾನು ಕಂಡಿಲ್ಲ.

ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ಆಟಗಳ ನಡುವೆ ಬೆಳೆದವರು. ಅವರ ‘ಜೋಕುಮಾರಸ್ವಾಮಿ’ (1972) ಬಯಲಾಟದ ಚೌಕಟ್ಟಿನಲ್ಲೇ ಗೌಡನನ್ನು ತಂದು ನಿಲ್ಲಿಸಿತು. ಕೈಯಲ್ಲಿ ಬಂದೂಕು, ರೈತ ಬಸಣ್ಣ ಉಳುವ ಹೊಲದ ಮೇಲೆ ಕಣ್ಣು. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಉಳುವವನೇ ಒಡೆಯ ಎಂಬ ಮಾತು ಅದಕ್ಕೂ ಎರಡು ವರ್ಷ ಮೊದಲೇ ರಂಗಕ್ಕೆ ಬಂದಿತ್ತು. ಆ ನಾಟಕದ ಹಾಡು, ಹಸಿವು, ಧೈರ್ಯ ಇವತ್ತಿಗೂ ಮಾಸಿಲ್ಲ. ಆದರೂ ಗೌಡನ ವಿಷಯದಲ್ಲಿ ನನಗೊಂದು ತಕರಾರಿದೆ. ಅವನ ದಬ್ಬಾಳಿಕೆಗೆ ಗುರುತಾಗಿ ನಾಟಕ ಹಿಡಿದದ್ದು ಅವನ ಷಂಡತನವನ್ನು. ಮಕ್ಕಳಾಗದ ಗಂಡಸನ್ನು ಕಂಡು ಊರು ನಗುವ ನಗೆಯನ್ನೇ ರಂಗವೂ ನಗುತ್ತದೆ. ಬರಡು ಹೊಲಕ್ಕೂ ಬರಡು ಮೈಗೂ ಗಂಟು ಹಾಕಿದ್ದು ಜೋಕುಮಾರಸ್ವಾಮಿಯ ಫಲವಂತಿಕೆಯ ಆಚರಣೆಗೆ ಹೊಂದುತ್ತದೆ, ನಿಜ. ಆದರೆ ಬಂದೂಕಿನ ಪಾಪ ಮೈಯ ಕೊರತೆಯಿಂದ ಬಂದದ್ದಲ್ಲ, ಜಮೀನಿನ ಕಾಗದಪತ್ರದಿಂದ ಬಂದದ್ದು. ರಾತ್ರಿ ಒಬ್ಬನೇ ಕೂತ ಗೌಡನನ್ನು ನೀನು ಯಾರು ಎಂದು ಮನಸ್ಸಿಟ್ಟು ಕೇಳಿದ್ದರೆ ಅವನು ಇನ್ನೂ ಭಯಂಕರನಾಗುತ್ತಿದ್ದ.

ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರಲ್ಲಿ ಸಿಟ್ಟು ಇನ್ನೂ ನೇರ. ‘ಜರತಾರಿ ಜಗದ್ಗುರು’ ಕಾದಂಬರಿ ಬರೆಯಲು ಎದೆಗಾರಿಕೆ ಬೇಕಿತ್ತು, ಅವರಿಗಿತ್ತು. ಆ ಸಿಟ್ಟಿನ ಅವಸರದಲ್ಲಿ ಖಳನ ಮಾತಿಗೆ ಕಾಯುವ ತಾಳ್ಮೆ ಮಾತ್ರ ಇರಲಿಲ್ಲ.

ಈ ಇಡೀ ಪರಂಪರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ‘ಸಂಗ್ಯಾ ಬಾಳ್ಯಾ’ದ ಗಂಗಾ, ಈರ್ಯಾನ ಹೆಂಡತಿ. ಚಹಾದ ಅಂಗಡಿಯಲ್ಲಿ ಬಾಳ್ಯಾನಿಗೂ ವಕೀಲ ಸಿಗುತ್ತಾನೆ, ಈರ್ಯಾನಿಗೂ ಸಿಗುತ್ತಾನೆ. ಗಂಗಾಳ ಹೆಸರು ಬಂದರೆ ಒಂದು ಬೈಗುಳ, ಮಾತು ಅಲ್ಲಿಗೇ ಮುಗಿಯುತ್ತದೆ. ಗಂಡ ವ್ಯಾಪಾರಕ್ಕೆ ಹೋಗಿದ್ದಾನೆ, ಸಂಗ್ಯಾನ ಪರವಾಗಿ ಮುದುಕಿ ಪಾರಮ್ಮ ಮತ್ತೆ ಮತ್ತೆ ಬಾಗಿಲಿಗೆ ಬರುತ್ತಾಳೆ. ಒಳಗೆ ಕೂತವಳಿಗೆ ಏನನಿಸಿತು ಎಂಬುದು ಆ ಅಂಗಡಿಯಲ್ಲಿ ಎಂದೂ ಚರ್ಚೆಗೆ ಬಂದಿಲ್ಲ.

ಊರು ಬಿಡುವ ದಿನ ಹುಡುಗನಿಗೆ ಗಂಗಾಳ ಕತೆ ಹೇಳಿದೆ. ಕತ್ತಿ ಇಲ್ಲ, ರೆಕ್ಕೆ ಇಲ್ಲ ಎಂದು ಮೊದಲು ಅವನಿಗೆ ಬೇಸರವಾಯಿತು. ಆಮೇಲೆ ಪೆನ್ನು ತೆಗೆದು ಒಂದು ಬಾಗಿಲು ಬರೆದ, ಅರ್ಧ ತೆರೆದದ್ದು. ಹೊರಗೆ ಒಂದು ಮುದುಕಿಯ ಬೆನ್ನು. ಒಳಗಿನವಳ ಕೈ ಬರೆದ, ಬಳೆಗಳನ್ನು ಒಂದೊಂದಾಗಿ ಬರೆದ. ಮುಖ ಬರೆಯಬೇಕಾದಲ್ಲಿ ಪೆನ್ನು ನಿಲ್ಲಿಸಿ, “ಅಕಿ ಹೆಂಗಿದ್ಲು ಮಾಮಾ?” ಎಂದು ಕೇಳಿದ.